ಕೂಗು ಕೇಳಿದವನ ಹೊಣೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ಒಂದು ಕಟ್ಟುಪಾಡಿತ್ತು. ಯಾರೂ ಬರೆದಿಟ್ಟದ್ದಲ್ಲ, ಚಾವಡಿಯಲ್ಲಿ ಕುಳಿತು ತೀರ್ಮಾನಿಸಿದ್ದೂ ಅಲ್ಲ. ರಾತ್ರಿಯ ಹೊತ್ತು ಯಾರಾದರೂ “ಅಯ್ಯಯ್ಯೋ, ಬನ್ರಪ್ಪೋ” ಎಂದು ಕೂಗಿಕೊಂಡರೆ, ಆ ಕೂಗು ಯಾರ ಕಿವಿಗೆ ಬಿತ್ತೋ ಅವರೆಲ್ಲ ಏಳಬೇಕು. ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿರಬಹುದು. ಕಡಲೆಕಾಯಿ ಹೊಲದ ಕಾವಲಿಗೆ ಹೋದವನ ಮೇಲೆ ಕರಡಿ ಬಿದ್ದಿರಬಹುದು. ಯಾವಳೋ ಹುಡುಗಿ ಬಾವಿಗೆ ಜಾರಿರಬಹುದು. ಏನೆಂಬುದು ಓಡಿಹೋದ ಮೇಲೆ ತಿಳಿಯುವ ವಿಷಯ. ಮಧುಗಿರಿಯ ಬೆಟ್ಟದ ತಪ್ಪಲಿನಲ್ಲಾಗಲಿ, ಕೊರಟಗೆರೆಯ ಸಿದ್ಧರಬೆಟ್ಟದ ಮಗ್ಗುಲಲ್ಲಾಗಲಿ ಇಂಥ ಕೂಗು ಬಂಡೆಗೆ ತಾಗಿ ಎರಡಾಗಿ ಕೇಳಿಸುವುದುಂಟು. ಯಾವ ದಿಕ್ಕಿಗೆ ಓಡಬೇಕೆಂದು ಒಂದು ಗಳಿಗೆ ತೋಚುವುದಿಲ್ಲ. ಆದರೂ ಜನ ಓಡುತ್ತಿದ್ದರು. ಕೂಗು ಕೇಳಿಯೂ ಮಗ್ಗುಲು ಬದಲಾಯಿಸಿ ಮಲಗಿದ ನೆಂಟನೊಬ್ಬನ ಕಥೆಯನ್ನು ನಮ್ಮ ಅಜ್ಜಿ, ಅವನು ಸತ್ತು ಮೂವತ್ತು ವರ್ಷವಾದ ಮೇಲೂ ಹೇಳುತ್ತಿದ್ದಳು. ಆತ ತನ್ನ ಬಾಳಿನಲ್ಲಿ ಬೇರೇನು ಮಾಡಿದನೆಂಬುದು ನಮಗೆ ಯಾರಿಗೂ ತಿಳಿಯದು.

ಹಳೆಯ ಕಾಲವನ್ನು ಹೊಗಳುವುದು ಸುಲಭ. ಅದು ಎದ್ದುಬಂದು ನಮ್ಮನ್ನು ತಿದ್ದುವುದಿಲ್ಲವಷ್ಟೆ. ಆ ಕಟ್ಟುಪಾಡಿನಲ್ಲಿ ಒಂದು ದೊಡ್ಡ ಬಿರುಕಿತ್ತು. ಊರಿನ ಕೂಗು ಕೇರಿಗೆ ಕೇಳಿಸುತ್ತಿತ್ತು. ಕೇರಿಯ ಕೂಗು ಊರಿಗೆ ಎಷ್ಟರಮಟ್ಟಿಗೆ ಕೇಳಿಸುತ್ತಿತ್ತೆಂದು ಕೇರಿಯ ಹಿರಿಯರನ್ನೇ ಕೇಳಬೇಕು. ಗಂಡನಿಂದ ಏಟು ತಿನ್ನುತ್ತಿರುವ ಹೆಂಗಸಿನ ಕೂಗು ನಾಲ್ಕು ಮನೆಗೆ ಕೇಳಿದರೂ “ಅದು ಅವರ ಮನೆ ವಿಚಾರ” ಎಂದು ನಾಲ್ಕು ಮನೆಯ ಬಾಗಿಲೂ ಮುಚ್ಚಿಕೊಳ್ಳುತ್ತಿದ್ದುವು. ದನಿ ಯಾರದೆಂದು ಗುರುತಿಸಿದ ಮೇಲೆಯೇ ಕಾಲು ಏಳುತ್ತಿತ್ತು. ಗುರುತು ಹತ್ತಿದ್ದರಿಂದ ಎದ್ದವರೂ ಉಂಟು, ಗುರುತು ಹತ್ತಿದ್ದರಿಂದಲೇ ಮಲಗಿದವರೂ ಉಂಟು.

ಈಗ ನಾವು ಕೂಗುವುದು ಊರಿಗಲ್ಲ, ಒಂದು ಸಂಖ್ಯೆಗೆ. ಪೋಲೀಸಿಗೆ 100, ಬೆಂಕಿಗೆ 101, ಆಂಬುಲೆನ್ಸಿಗೆ 108 ಎಂದು ಬೇರೆ ಬೇರೆ ಸಂಖ್ಯೆಗಳನ್ನು ಬಾಯಿಪಾಠ ಮಾಡಿದ್ದ ನಮಗೆ ಎಲ್ಲಕ್ಕೂ ಸೇರಿ 112 ಎಂಬ ಒಂದೇ ಸಂಖ್ಯೆ ಬಂದಿದೆ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಒಬ್ಬ ಹುಡುಗಿಗಾದ ಘೋರ ಅನ್ಯಾಯದ ನಂತರ ನೇಮಕವಾದ ನ್ಯಾಯಮೂರ್ತಿ ವರ್ಮಾ ಅವರ ಸಮಿತಿ ದೇಶಕ್ಕೆಲ್ಲ ಇಂಥ ಒಂದು ವ್ಯವಸ್ಥೆ ಬೇಕೆಂದು ಹೇಳಿತು. ನಿರ್ಭಯಾ ನಿಧಿಯಿಂದ ಹಣ ಒದಗಿತು. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲಾಯಿತು. ಮರುವರ್ಷ ನಮ್ಮ ರಾಜ್ಯಕ್ಕೂ ಬಂತು. 108ರ ‘ಆರೋಗ್ಯ ಕವಚ’ವಂತೂ 2008ರ ನವೆಂಬರಿನಿಂದಲೇ ನಮ್ಮಲ್ಲಿದೆ. ಪಾವಗಡದ ಮೂಲೆಯ ಹಟ್ಟಿಯಲ್ಲಿ ಹೆರಿಗೆ ನೋವು ತಿನ್ನುತ್ತಿರುವವಳ ಪರವಾಗಿ ಒಬ್ಬರು ಸಂಖ್ಯೆ ಒತ್ತಿದರೆ, ಎಷ್ಟೋ ದೂರದ ಒಂದು ದೊಡ್ಡ ಕೋಣೆಯಲ್ಲಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತ ಒಬ್ಬ ಹೆಣ್ಣುಮಗಳು “ಹೇಳಿ, ಎಲ್ಲಿಂದ?” ಎನ್ನುತ್ತಾಳೆ. ಅವಳು ಕೇಳಿಸಿಕೊಂಡು ಬರೆದದ್ದನ್ನು ಇನ್ನೊಬ್ಬರು ನೋಡಿ, ಹತ್ತಿರದ ವಾಹನ ಯಾವುದೆಂದು ಹುಡುಕಿ, ಅದಕ್ಕೆ ತಿಳಿಸುತ್ತಾರೆ. ಪೋಲೀಸಿನ ವಾಹನವಾದರೆ ಅದರೊಳಗಿನ ಪುಟ್ಟ ಪರದೆಯ ಮೇಲೆ ಸ್ಥಳ ಮೂಡುತ್ತದೆ.

ಲಂಡನ್ನಿನಲ್ಲಿ ಇಂಥದು ಹುಟ್ಟಿದ ಬಗೆಯನ್ನು ಹೇಳಬೇಕು. 1935ರ ನವೆಂಬರಿನಲ್ಲಿ ಅಲ್ಲಿನ ವಿಂಪೋಲ್ ಬೀದಿಯ ಒಂದು ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಎದುರಿಗಿದ್ದ ಒಬ್ಬರು ಕೂಡಲೇ ಟೆಲಿಫೋನು ಮಾಡಿದ್ದರು. ಆದರೆ ಎಕ್ಸ್‌ಚೇಂಜಿನಲ್ಲಿ ಅವರ ಕರೆ ಸರದಿಯಲ್ಲಿ ಕಾಯುತ್ತಿತ್ತು. ಯಾರೋ ಅತ್ತೆಯ ಆರೋಗ್ಯ ವಿಚಾರಿಸುವ ಕರೆಗೂ ಬೆಂಕಿಯ ಕರೆಗೂ ಅಲ್ಲಿ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಅವರು ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದರು, ವಿಚಾರಣೆ ನಡೆಯಿತು, 1937ರ ಜೂನ್ 30ರಂದು 999 ಎಂಬ ಸಂಖ್ಯೆ ಬಂತು. ಆ ಕರೆ ಬಂದರೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹೊತ್ತಿ ಕೊಂಬು ಕೂಗುತ್ತಿತ್ತು. ನ್ಯಾಯವೆಂದರೆ ಸರದಿ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನ್ಯಾಯಬೆಲೆ ಅಂಗಡಿಯ ಮುಂದೆಯೂ ಬಸ್ಸಿನ ಬಾಗಿಲಲ್ಲಿಯೂ ಅದು ಸರಿಯೆ. ಕೆಲವು ಕೂಗುಗಳು ಸರದಿಯನ್ನು ಮುರಿದು ಮುಂದೆ ಬರಬೇಕು, ಅದನ್ನು ಮಿಕ್ಕವರು ಸಹಿಸಬೇಕು, ಅದೂ ನ್ಯಾಯದ ಒಂದು ಭಾಗವೇ ಎಂದು ಒಪ್ಪಲು ಲಂಡನ್ನಿನಂಥ ಊರಿಗೂ ಐದು ಹೆಣ ಬೇಕಾಯಿತು.

ದೂರದ ಕೋಣೆಯಲ್ಲಿ ಕುಳಿತ ಆ ಹೆಣ್ಣುಮಗಳ ಕಿವಿಯಲ್ಲಿ ನಾನು ಒಂದು ದೊಡ್ಡ ಗುಣವನ್ನು ಕಾಣುತ್ತೇನೆ. ಅವಳಿಗೆ ಕೂಗುವವನು ಯಾರ ಮಗನೆಂದು ತಿಳಿಯದು. ಊರೋ ಕೇರಿಯೋ ಅವಳ ಪರದೆಯ ಮೇಲೆ ಮೂಡುವುದಿಲ್ಲ. ಏಟು ತಿಂದ ಹೆಂಗಸು ಸೆರಗಿನೊಳಗೆ ಫೋನು ಹಿಡಿದು ಪಿಸುಮಾತಿನಲ್ಲಿ ಹೇಳಿದರೂ ಅದು ಅವರ ಮನೆ ವಿಚಾರವಾಗಿ ಉಳಿಯುವುದಿಲ್ಲ. ದಾಖಲಾಗುತ್ತದೆ, ಹೊತ್ತು ಗಳಿಗೆ ಸಹಿತ. ಹಳ್ಳಿಯ ಕಿವಿಗೆ ಸಾವಿರ ವರ್ಷದಲ್ಲಿ ಬಾರದ ಸಮದೃಷ್ಟಿ ಯಂತ್ರದ ಕಿವಿಗೆ ಕೆಲವೇ ವರ್ಷಗಳಲ್ಲಿ ಬಂದಿದೆ. ಹೊಸದೆಲ್ಲವನ್ನೂ ಹಳಿಯುವ ನನ್ನಂಥ ಮೇಷ್ಟರುಗಳು ಇದನ್ನು ಒಪ್ಪಿ ಮುಂದಿನ ಮಾತು ಆಡಬೇಕು.

ಪಾವಗಡದ ಮನೆಗಳಲ್ಲಿ ತೆಲುಗು ಮಾತೂ ಉಂಟು, ಕನ್ನಡವೂ ಉಂಟು. ಅಲ್ಲಿ ಪೋತನನ ಭಾಗವತದ ಗಜೇಂದ್ರಮೋಕ್ಷವನ್ನು ಬಾಯಿಪಾಠವಾಗಿ ಹೇಳಬಲ್ಲ ಹಿರಿಯರನ್ನು ನಾನು ಕಂಡಿದ್ದೇನೆ. ಮೊಸಳೆಯ ಬಾಯಿಗೆ ಕಾಲು ಸಿಕ್ಕ ಆನೆಯನ್ನು ರಕ್ಷಿಸಲು ವಿಷ್ಣು ಲಕ್ಷ್ಮಿಗೂ ಹೇಳದೆ, ಶಂಖಚಕ್ರಗಳನ್ನೂ ಕೈಗೆತ್ತಿಕೊಳ್ಳದೆ, ಇದ್ದ ಹಾಗೆಯೇ ಹೊರಟುಬಿಟ್ಟನೆಂಬ ಭಾಗವನ್ನು ಅವರು ಕಣ್ಣು ತುಂಬಿಕೊಂಡು ಹೇಳುತ್ತಾರೆ. ನನ್ನ ಮನಸ್ಸನ್ನು ಹಿಡಿದಿರುವುದು ಅದಕ್ಕಿಂತ ಮುಂಚಿನ ಒಂದು ಸಣ್ಣ ಮಾತು. ಆನೆ ಯಾವ ದೇವರ ಹೆಸರನ್ನೂ ಹೇಳಿ ಕೂಗಲಿಲ್ಲ. ಎಲ್ಲಕ್ಕೂ ಮೂಲವಾದವನು ಯಾರೋ ಅವನು ಬರಲಿ ಎಂದಿತು. ಬ್ರಹ್ಮನೇ ಮೊದಲಾದ ದೇವತೆಗಳು ಕೇಳಿದರು. ತಮ್ಮ ತಮ್ಮ ಹೆಸರು ಬಾರದಿದ್ದುದರಿಂದ ಕುಳಿತಲ್ಲಿಯೇ ಕುಳಿತರು. ಸಂಸ್ಕೃತ ಭಾಗವತವೂ ಇದನ್ನು ಹೇಳುತ್ತದೆ. ದೇವತೆಗಳಿಗೂ ಸರಹದ್ದಿನ ಚಿಂತೆ ಇತ್ತೆಂದಾಯಿತು! “ಇದು ನಮ್ಮ ಠಾಣೆಗೆ ಬರೋದಿಲ್ಲ, ಆ ಕಡೆ ಹೋಗಿ” ಎಂಬ ಮಾತನ್ನು ಕೇಳಿದವರಿಗೆ ಈ ಕಥೆ ಪುರಾಣವೆನಿಸದು.

ಸರಹದ್ದಿನ ಕಷ್ಟವನ್ನು ಪಾವಗಡದವರಿಗೆ ವಿವರಿಸಬೇಕಾಗಿಲ್ಲ. ಆಡಳಿತಕ್ಕೆ ತುಮಕೂರು ಜಿಲ್ಲೆ. ನಕ್ಷೆಯಲ್ಲಿ ನೋಡಿದರೆ ಬಹುಪಾಲು ಆಂಧ್ರಪ್ರದೇಶವೇ ಸುತ್ತುವರಿದಿದೆ. ಜಿಲ್ಲಾ ಕೇಂದ್ರ ಸುಮಾರು ನೂರು ಕಿಲೋಮೀಟರಿನ ದೂರ. ಗಡಿಯ ಹೊಲದಲ್ಲಿ ನಿಂತರೆ ಕೈಯಲ್ಲಿನ ಫೋನು ಒಮ್ಮೆ ಈ ರಾಜ್ಯದ ಗೋಪುರವನ್ನು ಹಿಡಿಯುತ್ತದೆ, ಎರಡು ಹೆಜ್ಜೆ ಆಚೆಗೆ ಹೋದರೆ ಆ ರಾಜ್ಯದ್ದನ್ನು. ಕರೆ ಹೋಗುವುದು ಗೋಪುರವನ್ನು ಅನುಸರಿಸಿ. ಬಿದ್ದವನು ಬಿದ್ದಿರುವುದು ಕಂದಾಯದ ಗಡಿಯನ್ನು ಅನುಸರಿಸಿ. ಕಾನೂನು ಈ ವಿಷಯದಲ್ಲಿ ಕಥೆಯ ದೇವತೆಗಳಿಗಿಂತ ಮುಂದೆ ಹೋಗಿದೆಯೆಂದು ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಗುರುತರ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮೊದಲು ಬರೆದುಕೊ, ಆಮೇಲೆ ಗಡಿ ನೋಡು ಎಂದು ಅದರ ಅರ್ಥ. ಒಳ್ಳೆಯ ಮಾತು. ಕಾಗದದ ಮೇಲಿನ ಮಾತು ಠಾಣೆಯ ಮೇಜನ್ನು ಮುಟ್ಟಲು ಎಷ್ಟು ದಿನ ಬೇಕೋ ಅಷ್ಟು ದಿನ ಬೇಕಾಗುತ್ತದೆ.

ಎಲ್ಲಕ್ಕಿಂತ ತೊಡಕಾದದ್ದು “ಎಲ್ಲಿಂದ?” ಎಂಬ ಆ ಮೊದಲನೆಯ ಪ್ರಶ್ನೆ. ಹಳ್ಳಿಯ ಕೂಗಿಗೆ ಈ ಪ್ರಶ್ನೆ ಇರಲಿಲ್ಲ. ದನಿ ಬಂದ ಕಡೆಗೆ ಓಡಿದರಾಯಿತು. ದೂರದ ಕೋಣೆಗೆ ದಿಕ್ಕಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಗೊಲ್ಲರಹಟ್ಟಿಗಳೆಷ್ಟಿವೆಯೋ ಎಣಿಸಿದವರಿಲ್ಲ, ಹೊಸಹಳ್ಳಿಗಳೂ ಅಷ್ಟೆ. ನಾವು ಸ್ಥಳ ಹೇಳುವ ರೀತಿಯಾದರೂ ಎಂಥದು! “ದೊಡ್ಡ ಹುಣಸೇಮರ ಸಿಗುತ್ತಲ್ಲ, ಅದರಿಂದೀಚೆ, ಕೆಟ್ಟುನಿಂತ ಬೋರಿನ ಹತ್ತಿರ” ಎನ್ನುತ್ತೇವೆ. ಶಿರಾ ಪಾವಗಡಗಳ ಕಡೆ ಹುಣಸೇಮರಕ್ಕೂ ಕೆಟ್ಟುನಿಂತ ಬೋರಿಗೂ ಬರಗಾಲವಿಲ್ಲ. ಆಧುನಿಕ ವ್ಯವಸ್ಥೆ ಇದಕ್ಕೆ ಮಾಡಿಕೊಂಡಿರುವ ಉಪಾಯವೆಂದರೆ ಬಾಯಿಯನ್ನು ನಂಬದೆ ಫೋನನ್ನೇ ಕೇಳುವುದು. ಬಯಲಿನಲ್ಲಿ ಉಪಗ್ರಹದ ಲೆಕ್ಕ ಸರಿಯಾಗಿ ಸಿಕ್ಕರೆ ಕೆಲವು ಮೀಟರುಗಳೊಳಗೆ ಸ್ಥಳ ತಿಳಿಯುತ್ತದೆ. ಸಿಗದೆ ಗೋಪುರದ ಅಂದಾಜನ್ನೇ ನೆಚ್ಚಬೇಕಾಗಿ ಬಂದರೆ, ಗೋಪುರಗಳು ವಿರಳವಾದ ಸೀಮೆಯಲ್ಲಿ ಆ ಅಂದಾಜು ಕಿಲೋಮೀಟರುಗಟ್ಟಲೆ ತಪ್ಪಬಹುದು. ಹಳೆಯ ಗುಂಡಿ ಒತ್ತುವ ಫೋನು ಹಿಡಿದ ಕುರಿಗಾಹಿಯ ಪಾಲಿಗೆ ಈಗಲೂ ಹುಣಸೇಮರವೇ ಗತಿ.

ಇಷ್ಟೆಲ್ಲ ಬರೆಯುತ್ತಿರುವುದಕ್ಕೆ ಕಾರಣವಾದ ಸಂಗತಿಯನ್ನು ಇನ್ನು ಮುಚ್ಚಿಡುವುದು ಸರಿಯಲ್ಲ.

ಶಿರಾದಲ್ಲಿ ಒಂದು ಮದುವೆ ಮುಗಿಸಿಕೊಂಡು ಗೆಳೆಯರೊಬ್ಬರ ಕಾರಿನಲ್ಲಿ ರಾತ್ರಿ ಮಧುಗಿರಿಗೆ ಹಿಂತಿರುಗುತ್ತಿದ್ದೆ. ಬಡವನಹಳ್ಳಿ ಇನ್ನೂ ಬಂದಿರಲಿಲ್ಲ. ರಸ್ತೆಯ ಅಂಚಿನಲ್ಲಿ ಒಂದು ಮೊಪೆಡ್ಡು ಮಗುಚಿ ಬಿದ್ದಿತ್ತು. ಮೂಟೆಯೊಂದು ಒಡೆದು ಕಡಲೆಕಾಯಿ ಚೆಲ್ಲಿತ್ತು. ಸ್ವಲ್ಪ ಆಚೆಗೆ ಒಬ್ಬ ಮನುಷ್ಯ, ಮುಖ ಕೆಳಗಾಗಿ. ಕೈ ಅಲುಗುತ್ತಿತ್ತು. ಗೆಳೆಯರು ಕಾರು ನಿಧಾನ ಮಾಡಿದರು, ನಿಲ್ಲಿಸಲಿಲ್ಲ. “ಯಾರಾದ್ರೂ ಫೋನ್ ಮಾಡಿರ್ತಾರೆ” ಎಂದರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ತುರ್ತು ಸಂಖ್ಯೆಗೆ ನಾನೇ ಕರೆ ಮಾಡಿದೆ. ಎರಡನೆಯ ಗಂಟೆಗೇ ಉತ್ತರ ಬಂತು. ಆಕೆ ಸಮಾಧಾನದಿಂದ ಕೇಳಿದಳು. ನಾನೂ ತರಗತಿಯಲ್ಲಿ ಪಾಠ ಹೇಳುವಷ್ಟು ಸ್ಪಷ್ಟವಾಗಿ ಹೇಳಿದೆ: ಶಿರಾ ಮಧುಗಿರಿ ರಸ್ತೆ, ಗೊಲ್ಲರಹಟ್ಟಿಯ ತಿರುವು. “ನೀವು ಅಲ್ಲೇ ಇದ್ದೀರಾ ಸಾರ್?” ಎಂದಳು. “ಇದ್ದೇನೆ” ಎಂದೆ. ಆ ಗಳಿಗೆಗೆ ಅದು ಸುಳ್ಳಾಗಿರಲಿಲ್ಲ. ಕಾರು ಇನ್ನೂ ಐವತ್ತು ಗಜ ದಾಟಿರಲಿಲ್ಲ.

ಮನೆಗೆ ಬಂದು ಜುಬ್ಬಾ ಬಿಚ್ಚಿ ಗೂಟಕ್ಕೆ ಹಾಕಿ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತೆಂದು ಹೇಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ನೋಡಿದರೆ, ಮದುವೆ ಮನೆಯಲ್ಲಿ ದನಿ ಅಡಗಿಸಿಟ್ಟ ಫೋನು ಜೇಬಿನಲ್ಲಿ ಹಾಗೆಯೇ ಇತ್ತು. ಅದರಲ್ಲಿ ಒಂದೇ ಸಂಖ್ಯೆಯಿಂದ ಐದು ಕರೆಗಳು. ನಾನು ಕರೆ ಮಾಡಿದ ಕಾಲು ಗಂಟೆಯಿಂದ ಮೊದಲಾಗಿ, ಕೊನೆಯದು ಮುಕ್ಕಾಲು ಗಂಟೆಗೆ. ಆ ಸಂಖ್ಯೆಗೆ ಹಿಂತಿರುಗಿ ಕರೆ ಮಾಡಿದೆ. ವಾಹನದ ಚಾಲಕ. ಬೈಯಲಿಲ್ಲ. “ಆ ರೋಡಲ್ಲಿ ಗೊಲ್ಲರಹಟ್ಟಿ ತಿರುವು ಎರಡು ಇದಾವೆ ಸಾರ್. ಯಾವುದು ಅಂತ ಕೇಳೋಕೆ ಮಾಡ್ದೆ” ಎಂದು ಹೇಳಿ ಇಟ್ಟ.

ಗೆಳೆಯರಿಗೆ ಇದನ್ನು ಹೇಳಿದೆ. ಅವರು ಕೆಟ್ಟವರಲ್ಲ. “ನಿಂತು ಮಾಡೋದೇನಿತ್ತು ಹೇಳಿ? ನೀವೇನು ಡಾಕ್ಟರೇ? ತಿಳಿಯದವರು ಎತ್ತಿದರೆ ಮುರಿಯದ ಬೆನ್ನೂ ಮುರಿಯುತ್ತದೆ. ಅದಕ್ಕೆಂದೇ ಇರುವವರಿಗೆ ತಿಳಿಸಿದಿರಿ, ನಿಮ್ಮ ಕೆಲಸ ಆಯಿತು” ಎಂದರು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಾಗರಿಕತೆ ಬೆಳೆದಿರುವುದೇ ಕೆಲಸ ಹಂಚಿಕೊಂಡದ್ದರಿಂದ. ಬೆಂಕಿಯನ್ನು ಬಲ್ಲವನು ಬೆಂಕಿ ಆರಿಸಲಿ, ಗಾಯವನ್ನು ಬಲ್ಲವನು ಗಾಯ ಕಟ್ಟಲಿ, ಮಿಕ್ಕವರು ಅಡ್ಡ ಬಾರದಿರಲಿ ಎಂಬುದರಲ್ಲಿ ತಪ್ಪೇನಿದೆ? ಹಿಂದೆಯಾದರೆ ಕಾಯಿದೆಯ ಭಯವೂ ಇತ್ತು. ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದವನೇ ಸಾಕ್ಷಿಯಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತಿತ್ತು. ಈಗ ಅದೂ ಇಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಉಪಕಾರಿಗಳಿಗೆ ರಕ್ಷಣೆ ಕೊಟ್ಟಿತು. ಅದೇ ವರ್ಷ ಕರ್ನಾಟಕ ತನ್ನದೇ ಶಾಸನ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿಯೂ ಅದು ಸೇರಿತು. ಹೆಸರು ಹೇಳೆಂದು ಕೂಡ ಒತ್ತಾಯಿಸುವಂತಿಲ್ಲ. ಹಾಗಾಗಿ ನನ್ನ ಪಾಲಿಗೆ ಭಯದ ನೆವವೂ ಉಳಿದಿಲ್ಲ.

ಗೆಳೆಯರ ವಾದದ ಹುಳುಕು ಎಲ್ಲಿದೆಯೆಂದು ನಾನು ಬಹಳ ದಿನ ಹುಡುಕಿದೆ. ಹೊಣೆಯನ್ನು ಹಂಚಿಕೊಳ್ಳುವುದು ಬೇರೆ, ದಾಟಿಸಿಬಿಡುವುದು ಬೇರೆ. ದೂರದ ಕಿವಿ ಯಾರೆಂದು ನೋಡದೆ ಕೇಳುತ್ತದೆ. ಅದರ ಹಿರಿಮೆ ಅದು. ಆದರೆ ಅದಕ್ಕೆ ಕಣ್ಣಿಲ್ಲ, ಕಾಲಿಲ್ಲ. ಎರಡು ತಿರುವುಗಳಲ್ಲಿ ಯಾವುದೆಂದು ಬಲ್ಲವನು ಆ ರಾತ್ರಿ ಲೋಕದಲ್ಲಿ ಒಬ್ಬನೇ ಇದ್ದ; ಅವನು ಜುಬ್ಬಾವನ್ನು ಗೂಟಕ್ಕೆ ಹಾಕಿ ಮಲಗಿದ್ದ. ವೈದ್ಯ ಬಾರದಿದ್ದವನು ಮಾಡಬಹುದಾದ ಕೆಲಸವೂ ಒಂದಿತ್ತು: ರಸ್ತೆಯಲ್ಲಿ ನಿಂತು ಕೈ ಎತ್ತುವುದು. ಕೈಮರ ಮಾಡುವಷ್ಟು ಕೆಲಸ. ಅದಕ್ಕೆ ವಿದ್ಯೆ ಬೇಡ.

ಇನ್ನೊಂದು ಮಾತೂ ಹೊಳೆಯಿತು. ಸಾವಿರ ಕಿವಿಗಳ ಬದಲು ಒಂದೇ ಕಿವಿಯನ್ನು ನೆಚ್ಚಿದರೆ ಅದು ಮಂದವಾದ ದಿನ ಊರೆಲ್ಲ ಕಿವುಡಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ 108ರ ಕರೆ ಕೇಂದ್ರವೇ ಅಸ್ತವ್ಯಸ್ತವಾಗಿ ರಾಜ್ಯದ ಜನ ಪರದಾಡಿದ್ದನ್ನು ವಾಚಕರು ಮರೆತಿರಲಾರರು. ಅದೇ ವರ್ಷ ನಮ್ಮ ಜಿಲ್ಲೆಯ ರಸ್ತೆಗಳು ಎರಡು ದೊಡ್ಡ ಬಲಿ ತೆಗೆದುಕೊಂಡಿದ್ದುವು. ಮಾರ್ಚಿನಲ್ಲಿ ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ ವಿದ್ಯಾರ್ಥಿಗಳು ತುಂಬಿದ್ದ ಬಸ್ಸು ಉರುಳಿತು. ಆಗಸ್ಟಿನಲ್ಲಿ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ಲಾರಿಗೆ ಕ್ರೂಸರ್ ಗಾಡಿ ತಗುಲಿ, ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ರಾಯಚೂರಿನ ಕಡೆಯ ಒಂಬತ್ತು ಮಂದಿ ಸತ್ತರು. ಸಂಖ್ಯೆ ಯಾವುದೇ ಇರಲಿ, ಗೋಪುರ ಯಾವುದೇ ಇರಲಿ, ಇಂಥ ಕಡೆಗೆ ಮೊದಲು ಓಡಿಬರಲು ಸಾಧ್ಯವಿರುವುದು ಪಕ್ಕದ ಹೊಲದವರಿಗೆ. ಯಂತ್ರ ಸುಧಾರಿಸಲಿ, ಇನ್ನೂ ಸುಧಾರಿಸಬೇಕು. ಗಡಿಯ ಎರಡು ಬದಿಯ ಕೇಂದ್ರಗಳು ಒಂದರ ಕರೆಯನ್ನು ಇನ್ನೊಂದಕ್ಕೆ ಕ್ಷಣದಲ್ಲಿ ದಾಟಿಸಬೇಕು, ತೆಲುಗಿನಲ್ಲಿ ಅಳುವ ತಾಯಿಗೆ ತೆಲುಗಿನಲ್ಲಿಯೇ ಉತ್ತರ ಸಿಗಬೇಕು, ಒಂದೊಂದು ಹಟ್ಟಿಗೂ ನಕ್ಷೆಯಲ್ಲಿ ತನ್ನದೇ ಗುರುತಿರಬೇಕು. ಇವೆಲ್ಲ ಹಣದಿಂದಲೂ ಬುದ್ಧಿಯಿಂದಲೂ ಆಗುವ ಕೆಲಸಗಳು, ಆಗಿಯೇ ಆಗುತ್ತವೆ. ಅಷ್ಟೆಲ್ಲ ಆದ ಮೇಲೆ “ನೀವು ಅಲ್ಲೇ ಇದ್ದೀರಾ ಸಾರ್?” ಎಂದು ಅವಳು ಕೇಳುವ ಪ್ರಶ್ನೆ ಉಳಿದಿರುತ್ತದೆ.

ಆಕೆಯನ್ನು ನಾನು ಆಗಾಗ ನೆನೆಯುತ್ತೇನೆ. ಇಡೀ ರಾತ್ರಿ ಅಪರಿಚಿತರ ಅಳುವನ್ನು ಕೇಳುವ ಕೆಲಸ. ಸುಮ್ಮನೆ ಕರೆ ಮಾಡಿ ನಗುವ ಹುಡುಗರ ಕಾಟ ಬೇರೆ. ‘ಹುಲಿ ಬಂತು ಹುಲಿ’ ಎಂಬ ಕಥೆಯ ಹುಡುಗ ಕುರಿಮಂದೆ ಬಿಟ್ಟು ಫೋನು ಹಿಡಿದಿದ್ದಾನೆ. ಅದರಲ್ಲಿಯೂ ಅವಳು ಪ್ರತಿಯೊಂದು ಕರೆಯನ್ನೂ ನಿಜವೆಂದೇ ಎತ್ತಿಕೊಳ್ಳಬೇಕು. ಮುಗಿದ ಕಥೆಯ ಕೊನೆ ಅವಳಿಗೆ ತಿಳಿಯುವುದಿಲ್ಲ. ಬಿದ್ದವನು ಬದುಕಿದನೋ ಇಲ್ಲವೋ, ಅಷ್ಟರಲ್ಲಿ ಮುಂದಿನ ಗಂಟೆ ಬಾರಿಸಿರುತ್ತದೆ. “ಇದ್ದೇನೆ” ಎಂಬ ನನ್ನ ಮಾತನ್ನು ಅವಳು ನಂಬಿ ಬರೆದುಕೊಂಡಿರಬೇಕು.

ಮಾರನೆಯ ಭಾನುವಾರ ಬಸ್ಸು ಹಿಡಿದು ಆ ಸ್ಥಳಕ್ಕೆ ಹೋದೆ. ತಿರುವಿನಲ್ಲಿ ಒಂದು ಚಹದ ಅಂಗಡಿ. ಆ ರಾತ್ರಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಮುಚ್ಚಿದ್ದಿರಬೇಕು. ಮಾತು ತೆಗೆದರೆ ಅಂಗಡಿಯವನಿಗೆ ಎಲ್ಲ ತಿಳಿದಿತ್ತು. ಆಂಬುಲೆನ್ಸು ಮೊದಲು ಆಚೆಯ ತಿರುವಿಗೆ ಹೋಗಿ ಹುಡುಕಿ ಬಂತಂತೆ. ಅಷ್ಟರಲ್ಲಿ ಹಟ್ಟಿಯ ಹುಡುಗನೊಬ್ಬ, ಎಂಟನೆಯ ತರಗತಿಯವನು, ಕುರಿ ರೊಪ್ಪದ ಕಾವಲಿಗೆ ಮಲಗಿದ್ದವನು ನರಳುವುದು ಕೇಳಿ ಎದ್ದುಬಂದು, ಬ್ಯಾಟರಿ ಹಿಡಿದು ರಸ್ತೆಯ ನಡುವೆ ನಿಂತುಕೊಂಡನಂತೆ. ಬಿದ್ದವನು ಬದುಕಿದ, ಎಡಗಾಲು ಉಳಿಯುವುದು ಅನುಮಾನ. ಇನ್ನೊಂದು ಅರ್ಧ ಗಂಟೆ ಮುಂಚೆ ಹೋಗಿದ್ದರೆ ಎಂದು ಆಸ್ಪತ್ರೆಯಲ್ಲಿ ಅಂದರಂತೆ.

“ಯಾರೋ ಕಾರ್ನೋರು ಫೋನ್ ಮಾಡಿ ಹೊಂಟೋದ್ರಂತೆ ಸಾಮಿ” ಎಂದ ಅಂಗಡಿಯವನು, ಲೋಟ ತೊಳೆಯುತ್ತ. “ಅಷ್ಟಾದ್ರೂ ಮಾಡಿದ್ರಲ್ಲ, ಪುಣ್ಯಾತ್ಮರು.”

ನಾನು ಚಹ ಕುಡಿದೆ. ಹುಡುಗನನ್ನು ನೋಡಬೇಕೆಂದು ಹೋದವನು ಅವನ ಮನೆ ಯಾವುದೆಂದು ಕೇಳಲಿಲ್ಲ. ದುಡ್ಡು ಕೊಟ್ಟು ಮಧುಗಿರಿಯ ಬಸ್ಸಿಗೆ ಕೈ ತೋರಿಸಿದೆ.